ಒಂಬತ್ತಕ್ಕೇ ಲೈಟ್ ಏಕೆ? ದಿನ ತುಂಬದ ಮಗುವಿನ ಕಾಮಾಲೆ ಮತ್ತು ಮೆದುಳಿನ ಲೆಕ್ಕ

ಪ್ರಶ್ನೆ: ನಮ್ಮದು ಪಾಂಡವಪುರದ ಕಡೆ. ತಂಗಿಗೆ 31 ವಾರಕ್ಕೇ ಮಂಡ್ಯದಲ್ಲಿ ಸಿಸೇರಿಯನ್ ಆಯಿತು. ಗಂಡು ಮಗು, ತೂಕ 1,400 ಗ್ರಾಂ. ಅವಳು ಇನ್ನೂ ಮಂಡ್ಯದಲ್ಲೇ ಇದ್ದಾಳೆ, ಮಗುವನ್ನು ಮೈಸೂರಿನ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ತಂದಿದ್ದೇವೆ. ಮೂರನೇ ದಿನ ಬಿಲಿರುಬಿನ್ 9.2 ಬಂತು, ತಕ್ಷಣ ನೀಲಿ ಲೈಟ್ ಹಾಕಿದರು. ಮಾರನೇ ದಿನ ಅದೇ ಹೊತ್ತಿಗೆ 11.8. ಅಲ್ಬುಮಿನ್ 2.3 ಅಂತ ಬರೆದಿದ್ದಾರೆ. ತಾಯಿ ಓ ಪಾಸಿಟಿವ್, ಮಗು ಬಿ ಪಾಸಿಟಿವ್. ಇನ್ನೂ ಏರಿದರೆ ರಕ್ತ ಬದಲಿಸಬೇಕಾದೀತು, ಇಲ್ಲದಿದ್ದರೆ ಮೆದುಳಿಗೆ ತೊಂದರೆ ಎನ್ನುತ್ತಾರೆ. ಆದರೆ ಅಲ್ಲೇ ಪರಿಚಯವಾದ ಇನ್ನೊಬ್ಬರ ದಿನ ತುಂಬಿದ ಮಗುವಿಗೆ 14 ಇದ್ದರೂ ಲೈಟಿಲ್ಲದೆ ಮನೆಗೆ ಕಳಿಸಿದರು. ಹಾಗಾದರೆ ಅಪಾಯ ಅಳೆಯುವುದು ಹೇಗೆ? ನಮ್ಮ ಮಗುವಿಗೆ ಮೆದುಳಿನ ತೊಂದರೆ ಆಗಿದೆಯೋ ಇಲ್ಲವೋ ಯಾವ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ?

ಉತ್ತರ: ಆ 14ರ ಮಗುವಿನ ಜೊತೆ ನಿಮ್ಮ ಮಗುವನ್ನು ಹೋಲಿಸಬೇಡಿ. ದಿನ ತುಂಬಿ ಹುಟ್ಟಿ, ಹಾಲು ಚೆನ್ನಾಗಿ ಕುಡಿಯುತ್ತ, ರಕ್ತ ಒಡೆಯುವ ತೊಂದರೆ ಇಲ್ಲದ ಮಗುವಿಗೆ ನಾಲ್ಕನೇ ದಿನ 14 ಇದ್ದರೆ ಲೈಟ್ ಬೇಕಾಗುವುದಿಲ್ಲ. ಅಂಥ ಮಗುವಿಗೆ ಚಿಕಿತ್ಸೆ ಶುರುಮಾಡುವ ಗೆರೆಯೇ ಬೇರೆ, ಅದು ಸಾಕಷ್ಟು ಮೇಲಿದೆ. ನಿಮ್ಮ ಡಾಕ್ಟರು 9.2ಕ್ಕೆ ಲೈಟ್ ಹಾಕಿದ್ದು ಸರಿ. ರಕ್ತ ಬದಲಿಸುವ ಮಾತನ್ನು ಈಗಲೇ ಎತ್ತಿದ್ದೂ ಹೆದರಿಸುವುದಕ್ಕಲ್ಲ. ನೀವು ಬರೆದ ಅಂಕಿಗಳನ್ನೇ ಹಿಡಿದು ಅದು ಏಕೆಂದು ನೋಡಬಹುದು.

ಹಳೆಯ ಕೆಂಪು ರಕ್ತಕಣ ಒಡೆದಾಗ ಬರುವ ಹಳದಿ ವಸ್ತು ಬಿಲಿರುಬಿನ್. ದೊಡ್ಡವರ ರಕ್ತಕಣ ಸುಮಾರು 120 ದಿನ ಬಾಳುತ್ತದೆ. ನವಜಾತ ಶಿಶುವಿನದು ಅಷ್ಟು ಬಾಳುವುದಿಲ್ಲ, ದಿನ ತುಂಬದ ಮಗುವಿನದಂತೂ ಇನ್ನೂ ಬೇಗ ಒಡೆಯುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಒಡೆದರೆ ಸುಮಾರು 35 ಮಿಲಿಗ್ರಾಂ ಬಿಲಿರುಬಿನ್ ಹುಟ್ಟುತ್ತದೆ. ಇದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಗೆ ಕಳಿಸಬೇಕಾದದ್ದು ಲಿವರ್. 31 ವಾರದ ಮಗುವಿನಲ್ಲಿ ಆ ಕೆಲಸದ ಕಿಣ್ವ ಹೆಚ್ಚುಕಡಿಮೆ ಶುರುವೇ ಆಗಿರುವುದಿಲ್ಲ. ಹಾಲು ಕಡಿಮೆ, ಮಲ ಹೋಗುವುದು ನಿಧಾನ, ಹಾಗಾಗಿ ಕರುಳಿಗೆ ಇಳಿದದ್ದರಲ್ಲೂ ಒಂದಿಷ್ಟು ವಾಪಸ್ ರಕ್ತಕ್ಕೆ ಸೇರುತ್ತದೆ. ಇಷ್ಟೆಲ್ಲ ಸೇರಿ ಕಾಮಾಲೆ. ದಿನ ತುಂಬದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದಿಷ್ಟು ಬರುವುದೇ.

ಮೆದುಳಿನ ಪ್ರಶ್ನೆ ಇಲ್ಲಿಂದ ಮುಂದಿನದು. ರಕ್ತದಲ್ಲಿ ಬಿಲಿರುಬಿನ್ ಒಂಟಿಯಾಗಿ ಓಡಾಡುವುದಿಲ್ಲ, ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮಂಡ್ಯದವರಿಗೆ ಕಬ್ಬಿನ ಲೋಡ್ ಗೊತ್ತು. ಹಗ್ಗ ಬಿಗಿಯಾಗಿ ಕಟ್ಟಿದ್ದರೆ ಟ್ರ್ಯಾಕ್ಟರ್ ಎಷ್ಟೇ ದೊಡ್ಡ ಹೊರೆ ಹೊತ್ತರೂ ದಾರಿಯಲ್ಲಿ ಹೋಗುವವರಿಗೆ ತೊಂದರೆಯಿಲ್ಲ, ಹಗ್ಗ ಸಾಲದೆ ಜಾರಿಬಿದ್ದ ಜಲ್ಲೆಯೇ ಬೈಕಿನವನನ್ನು ಬೀಳಿಸುವುದು. ಅಲ್ಬುಮಿನ್ ಆ ಹಗ್ಗ. ಅದಕ್ಕೆ ಅಂಟದೆ ಉಳಿದ ಬಿಲಿರುಬಿನ್ ಒಟ್ಟು ಮೊತ್ತದಲ್ಲಿ ಸಾವಿರಕ್ಕೆ ಒಂದು ಪಾಲೂ ಇರುವುದಿಲ್ಲ, ಆದರೆ ಮೆದುಳಿನೊಳಕ್ಕೆ ನುಗ್ಗುವುದು ಅದೇ. ಲ್ಯಾಬಿನವರು ಕೊಡುವ 11.8 ಎನ್ನುವುದು ಇಡೀ ಲೋಡಿನ ತೂಕ. ಜಾರಿದ ಜಲ್ಲೆ ಎಷ್ಟು ಎಂದು ಅದು ಹೇಳುವುದಿಲ್ಲ.

ಇದು ವೈದ್ಯಲೋಕಕ್ಕೆ ಗೊತ್ತಾದದ್ದು ದುಬಾರಿ ಬೆಲೆ ತೆತ್ತ ಮೇಲೆ. 1956ರಲ್ಲಿ ಅಮೆರಿಕದಲ್ಲಿ ಸಿಲ್ವರ್‌ಮನ್ ಮತ್ತು ಜೊತೆಗಾರರು ದಿನ ತುಂಬದ ಮಕ್ಕಳಿಗೆ ಸೋಂಕು ತಗಲದಿರಲೆಂದು ಎರಡು ಬಗೆಯ ಆಂಟಿಬಯೋಟಿಕ್ ಕ್ರಮಗಳನ್ನು ಹೋಲಿಸಿ ನೋಡಿದರು. ಪೆನಿಸಿಲಿನ್ ಜೊತೆಗೆ ಸಲ್ಫಾ ಔಷಧ ಪಡೆದ ಗುಂಪಿನಲ್ಲಿ ಹೆಚ್ಚು ಮಕ್ಕಳು ಸತ್ತರು, ಸತ್ತವರ ಮೆದುಳಿನಲ್ಲಿ ಬಿಲಿರುಬಿನ್‌ನ ಹಳದಿ ಕಲೆ ಹೆಚ್ಚು ಕಂಡಿತು. ಆದರೆ ಸಲ್ಫಾ ತೆಗೆದುಕೊಂಡ ಮಕ್ಕಳ ರಕ್ತದಲ್ಲಿ ಬಿಲಿರುಬಿನ್ ಹೆಚ್ಚಿರಲಿಲ್ಲ! ಸಲ್ಫಾ ಅಲ್ಬುಮಿನ್‌ನ ಜಾಗ ಹಿಡಿದು ಬಿಲಿರುಬಿನ್ನನ್ನು ಹೊರದಬ್ಬಿತ್ತು. ಅಂಕಿ ಚೆನ್ನಾಗಿಯೇ ಇತ್ತು, ಮೆದುಳು ಹಾಳಾಯಿತು. ಸೆಫ್ಟ್ರಿಯಾಕ್ಸೋನ್ ಎಂಬ ಇಂಜೆಕ್ಷನ್ ಕೂಡ ಇದೇ ರೀತಿ ಜಾಗ ಕಿತ್ತುಕೊಳ್ಳುವ ಔಷಧ. ಕಾಮಾಲೆ ಇರುವ ನವಜಾತ ಶಿಶುವಿಗೆ, ಅದರಲ್ಲೂ ದಿನ ತುಂಬದ್ದಕ್ಕೆ, ಅದನ್ನು ಕೊಡದಿರುವುದು ಇಂದಿಗೂ ಪಾಲಿಸುವ ನಿಯಮ.

ಈಗ ನಿಮ್ಮ ಅಂಕಿಗಳಿಗೆ ಬರೋಣ.

35 ವಾರದೊಳಗೆ ಹುಟ್ಟಿದ ಮಕ್ಕಳಿಗೆ ಹೆಚ್ಚಾಗಿ ಬಳಸುವ ಪಟ್ಟಿ 2012ರಲ್ಲಿ ಮೈಸೆಲ್ಸ್ ಮತ್ತು ಇತರ ತಜ್ಞರು ಕೊಟ್ಟದ್ದು. ಅದರ ಪ್ರಕಾರ 28 ವಾರದೊಳಗಿನ ಮಗುವಿಗೆ 5ರಿಂದ 6ಕ್ಕೇ ಲೈಟ್, 11ರಿಂದ 14ಕ್ಕೆ ರಕ್ತ ಬದಲಾವಣೆ. 28–29 ವಾರಕ್ಕೆ ಲೈಟ್ 6–8, ರಕ್ತ ಬದಲಾವಣೆ 12–14. 30–31 ವಾರಕ್ಕೆ, ಅಂದರೆ ನಿಮ್ಮ ಮಗುವಿನ ಸಾಲಿಗೆ, ಲೈಟ್ 8–10, ರಕ್ತ ಬದಲಾವಣೆ 13–16. 32–33 ವಾರಕ್ಕೆ 10–12 ಮತ್ತು 15–18. 34ನೇ ವಾರಕ್ಕೆ 12–14 ಮತ್ತು 17–19. ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. 9.2 ಎಲ್ಲಿ ಬೀಳುತ್ತದೆ ಎಂದು ನೀವೇ ನೋಡಬಹುದು.

ಈ ಪಟ್ಟಿಯನ್ನು ಕಲ್ಲಿನ ಮೇಲೆ ಕೆತ್ತಿದ ಶಾಸನ ಎಂದುಕೊಳ್ಳಬೇಡಿ. ಅನುಭವಿಗಳು ಕೂತು ಒಪ್ಪಿಕೊಂಡ ಗೆರೆಗಳಿವು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯ ಸೂತ್ರ ಬೇರೆ: ಮೂರು ದಿನ ದಾಟಿದ ಮೇಲೆ, ವಾರವನ್ನು ಹತ್ತರಿಂದ ಗುಣಿಸಿದರೆ ರಕ್ತ ಬದಲಿಸುವ ಗೆರೆ, ಅದರಲ್ಲಿ ನೂರು ಕಳೆದರೆ ಲೈಟಿನ ಗೆರೆ, ಎರಡೂ ಲೀಟರಿಗೆ ಮೈಕ್ರೋಮೋಲ್ ಎಂಬ ಅಳತೆಯಲ್ಲಿ. 31 ವಾರಕ್ಕೆ ಲೈಟ್ 210, ಬದಲಾವಣೆ 310. ನಮ್ಮ ಅಳತೆಗೆ ತರಲು 17.1ರಿಂದ ಭಾಗಿಸಿದರೆ 12.3 ಮತ್ತು 18.1. ಒಂದೇ ಮಗು, ಎರಡು ದೇಶ, ಎರಡು ಗೆರೆ. ಆದ್ದರಿಂದ ಒಬ್ಬ ಡಾಕ್ಟರು ಲೈಟ್ ಹಾಕಿದರು, ಇನ್ನೊಬ್ಬರು ಕಾದರು ಎಂಬ ಕಾರಣಕ್ಕೆ ಇಬ್ಬರಲ್ಲಿ ಒಬ್ಬರು ತಪ್ಪು ಎಂದು ತೀರ್ಮಾನಿಸಬೇಕಿಲ್ಲ.

2012ರ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಎರಡು ಅಂಕಿ ಕೊಟ್ಟಿರುವುದಕ್ಕೆ ಕಾರಣವಿದೆ. ಹುಷಾರಾಗಿರುವ ಮಗುವಿಗೆ ಮೇಲಿನ ಅಂಕಿಯವರೆಗೆ ಕಾಯಬಹುದು, ಅಪಾಯ ಹೆಚ್ಚಿರುವ ಮಗುವಿಗೆ ಕೆಳಗಿನದನ್ನೇ ಹಿಡಿಯಬೇಕು. ಅಪಾಯ ಹೆಚ್ಚು ಎಂದರೆ: ಅಲ್ಬುಮಿನ್ ಡೆಸಿಲೀಟರಿಗೆ 2.5 ಗ್ರಾಂಗಿಂತ ಕಡಿಮೆ, ಬಿಲಿರುಬಿನ್ ಭರದಿಂದ ಏರುತ್ತಿರುವುದು, ರಕ್ತದ ಪಿಎಚ್ 7.15ಕ್ಕಿಂತ ಇಳಿದಿರುವುದು (ರಕ್ತ ಆಮ್ಲೀಯವಾಗಿದೆ ಎಂದರ್ಥ); ಕಳೆದ 24 ಗಂಟೆಯಲ್ಲಿ ರಕ್ತದ ಕಲ್ಚರ್‌ನಲ್ಲಿ ಸೋಂಕು ಸಿಕ್ಕಿರುವುದು; ಬಿಪಿ ಬಿದ್ದು ಅದಕ್ಕೆ ಔಷಧ ಹರಿಸಬೇಕಾಗಿ ಬಂದಿರುವುದು; ವೆಂಟಿಲೇಟರ್‌ನಲ್ಲಿರುವುದು; ಉಸಿರು ನಿಂತು ಎದೆಬಡಿತ ಇಳಿದು ಬ್ಯಾಗ್ ಹಾಕಿ ಉಸಿರು ಕೊಡಬೇಕಾಗಿ ಬಂದಿರುವುದು. ಕೊನೆಯದರಲ್ಲಿ ಒಂದು ಸೂಕ್ಷ್ಮವಿದೆ. 31 ವಾರದ ಮಕ್ಕಳು ಆಗಾಗ ಉಸಿರು ಮರೆಯುತ್ತವೆ, ಅಂಗಾಲು ತಟ್ಟಿದರೆ ಮತ್ತೆ ಉಸಿರಾಡುತ್ತವೆ. ಅದನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಬ್ಯಾಗ್ ಬೇಕಾದದ್ದನ್ನು ಸೇರಿಸುತ್ತಾರೆ. ಸಿಸ್ಟರನ್ನು ಕೇಳುವಾಗ ‘ಉಸಿರು ನಿಂತಿತ್ತಾ’ ಎನ್ನುವುದಕ್ಕಿಂತ ‘ತಟ್ಟಿದರೆ ಸರಿಹೋಯಿತಾ, ಬ್ಯಾಗ್ ಹಾಕಿದಿರಾ’ ಎಂದು ಕೇಳಿ.

ನಿಮ್ಮ ಮಗುವಿನ ಅಲ್ಬುಮಿನ್ 2.3. ಅದೊಂದೇ ಸಾಕು ಅದನ್ನು ಕೆಳಗಿನ ಗೆರೆಗೆ, ಅಂದರೆ 13ಕ್ಕೆ ತರುವುದಕ್ಕೆ. 11.8 ಮತ್ತು 13ರ ನಡುವೆ ಉಳಿದಿರುವುದು 1.2 ಮಾತ್ರ.

ಇದನ್ನೇ ಇನ್ನೊಂದು ದಾರಿಯಲ್ಲೂ ಪರೀಕ್ಷಿಸಬಹುದು. ಬಿಲಿರುಬಿನ್ ಅಂಕಿಯನ್ನು ಅಲ್ಬುಮಿನ್ ಅಂಕಿಯಿಂದ ಭಾಗಿಸಿ. 11.8 ಭಾಗಿಸು 2.3, ಬರುವುದು 5.1. ಹುಟ್ಟು ತೂಕ 1,250ರಿಂದ 1,499 ಗ್ರಾಂ ಇರುವ ಮಗುವಿಗೆ ರಕ್ತ ಬದಲಿಸುವ ಗೆರೆಯಾಗಿ ಸಾಮಾನ್ಯವಾಗಿ 6.0, ಅಪಾಯ ಹೆಚ್ಚಿದ್ದರೆ 5.2 ಎಂದು ಹಿಡಿಯುತ್ತಾರೆ. ಇಲ್ಲೂ ಮಗು ಗೆರೆಯ ಹೊಸ್ತಿಲಲ್ಲೇ ಇದೆ. ಒಂದು ಗ್ರಾಂ ಅಲ್ಬುಮಿನ್ ಪುಸ್ತಕದ ಲೆಕ್ಕದಲ್ಲಿ ಸುಮಾರು 8.5 ಮಿಲಿಗ್ರಾಂ ಬಿಲಿರುಬಿನ್ ಹಿಡಿದಿಡಬಲ್ಲದು. ಅಲ್ಬುಮಿನ್ 3.3 ಇರುವ ದೊಡ್ಡ ಮಗುವಿಗೆ ಹಾಗೆ ನೋಡಿದರೆ 28ರವರೆಗೆ ಹಗ್ಗವಿದೆ, ನಿಮ್ಮದಕ್ಕೆ 19.5ರವರೆಗೆ. ಹುಷಾರಿಲ್ಲದ ಪುಟ್ಟ ಮಗುವಿನ ಅಲ್ಬುಮಿನ್ ಪುಸ್ತಕದಷ್ಟು ಬಿಗಿಯಾಗಿ ಹಿಡಿಯುವುದೂ ಇಲ್ಲ.

ಈ ಭಾಗಾಕಾರಕ್ಕೆ ಎಷ್ಟು ಬೆಲೆ ಕೊಡಬೇಕು? ನೆದರ್‌ಲ್ಯಾಂಡ್ಸ್‌ನಲ್ಲಿ 32 ವಾರದೊಳಗಿನ ಆರುನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬಿಲಿರುಬಿನ್ ಜೊತೆ ಈ ಅನುಪಾತವನ್ನೂ ನೋಡಿ ಚಿಕಿತ್ಸೆ ಕೊಟ್ಟರೆ ಮಕ್ಕಳ ಬೆಳವಣಿಗೆ ಒಟ್ಟಾರೆ ಉತ್ತಮವಾಗುತ್ತದೆ ಎಂದು ಅದರಲ್ಲಿ ಕಾಣಲಿಲ್ಲ. ಹಾಗಾಗಿ ಅನುಪಾತ ಒಂದನ್ನೇ ನೆಚ್ಚಿ ಯಾರೂ ರಕ್ತ ಬದಲಿಸುವುದಿಲ್ಲ. ಎರಡು ಲೆಕ್ಕವೂ ಒಂದೇ ಕಡೆ ಕೈ ತೋರಿಸಿದಾಗ, ನಿಮ್ಮ ಮಗುವಿನಲ್ಲಿ ಆಗಿರುವಂತೆ, ಡಾಕ್ಟರು ಹೆಚ್ಚು ಎಚ್ಚರ ವಹಿಸುತ್ತಾರೆ. ಅಂಟದೆ ಉಳಿದ ಬಿಲಿರುಬಿನ್ನನ್ನೇ ನೇರವಾಗಿ ಅಳೆಯುವ ಯಂತ್ರಗಳನ್ನು ಜಪಾನಿನಲ್ಲಿ ಬಳಸುತ್ತಾರೆ. ನಮ್ಮ ಆಸ್ಪತ್ರೆಗಳ ದಿನನಿತ್ಯದ ಕೆಲಸದಲ್ಲಿ ಅದಿಲ್ಲ.

ಇನ್ನು ಏರುವ ವೇಗ. 24 ಗಂಟೆಯಲ್ಲಿ 2.6 ಏರಿದೆ, ಗಂಟೆಗೆ 0.11ರಷ್ಟು. ಮೊದಲ ದಿನ ಗಂಟೆಗೆ 0.3, ಆಮೇಲೆ ಗಂಟೆಗೆ 0.2 ಮುಟ್ಟಿದರೆ ರಕ್ತ ಒಡೆಯುತ್ತಿದೆ ಎಂದು ಅನುಮಾನಿಸಬೇಕು. ನಿಮ್ಮದು ಅಷ್ಟಿಲ್ಲ. ಆದರೆ ಇದು ಲೈಟಿನ ಕೆಳಗಿದ್ದೂ ಏರಿದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇದಕ್ಕೆ ಮೊದಲು ನೋಡಬೇಕಾದ ಕಾರಣಗಳು ಎರಡು: ರಕ್ತ ಒಡೆಯುತ್ತಿದೆ, ಇಲ್ಲವೇ ಲೈಟು ಮಗುವಿಗೆ ಸರಿಯಾಗಿ ತಾಗುತ್ತಿಲ್ಲ.

ತಾಯಿ ಓ, ಮಗು ಬಿ ಎಂದ ಮೇಲೆ ಮೊದಲನೆಯದು ಸಾಧ್ಯ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಕಣಗಳನ್ನು ಒಡೆಯುತ್ತಿರಬಹುದು. ಹಿಮೋಗ್ಲೋಬಿನ್, ರೆಟಿಕ್ಯುಲೋಸೈಟ್ (ಎಳೆಯ ಕೆಂಪುಕಣ) ಎಣಿಕೆ, ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್, ಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಆಗಿವೆಯೇ ಕೇಳಿ. ಓ–ಬಿ ಜಗಳದಲ್ಲಿ ಕೂಂಬ್ಸ್ ಎಷ್ಟೋ ಸಲ ಮಂದವಾಗಿ ಬರುತ್ತದೆ ಅಥವಾ ನೆಗೆಟಿವ್ ಬರುತ್ತದೆ, ಅದರಿಂದ ಅನುಮಾನ ಪೂರ್ತಿ ಹೋಗುವುದಿಲ್ಲ. ಗಂಡು ಮಗುವಾದ್ದರಿಂದ ಜಿ6ಪಿಡಿ (ಕೆಂಪುಕಣ ಒಡೆಯದಂತೆ ಕಾಪಾಡುವ ಕಿಣ್ವ) ಕೊರತೆಯ ಪರೀಕ್ಷೆಯೂ ಇರಲಿ. ಕಣಗಳು ರಭಸದಿಂದ ಒಡೆಯುತ್ತಿರುವಾಗ ಈ ಪರೀಕ್ಷೆ ಸುಳ್ಳೇ ನಾರ್ಮಲ್ ತೋರಿಸಬಹುದು, ಏಕೆಂದರೆ ಕೊರತೆಯಿದ್ದ ಹಳೆಯ ಕಣಗಳೆಲ್ಲ ಆಗಲೇ ಹೋಗಿ ಎಳೆಯವಷ್ಟೇ ಉಳಿದಿರುತ್ತವೆ. ಅಂಥ ಅನುಮಾನವಿದ್ದರೆ ಕೆಲವು ತಿಂಗಳ ನಂತರ ಮತ್ತೆ ಮಾಡಿಸುತ್ತಾರೆ.

ಎರಡನೆಯ ಕಾರಣ ನೀವು ಕಣ್ಣಿಂದ ನೋಡಬಹುದಾದದ್ದು. ನೀಲಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಚಿಕಿತ್ಸೆ ನಡೆಯುತ್ತಿದೆ ಎಂದಲ್ಲ. ಕೆಲಸ ಮಾಡುವ ಬೆಳಕು 460ರಿಂದ 490 ನ್ಯಾನೋಮೀಟರಿನದು, ಚರ್ಮದ ಮೇಲೆ ಬೀಳುವ ಅದರ ಬಲವನ್ನು ರೇಡಿಯೋಮೀಟರಿನಲ್ಲಿ ಅಳೆಯುತ್ತಾರೆ. ತೀವ್ರ ಚಿಕಿತ್ಸೆ ಎನ್ನಬೇಕಾದರೆ ಚದರ ಸೆಂಟಿಮೀಟರಿಗೆ ಪ್ರತಿ ನ್ಯಾನೋಮೀಟರಿಗೆ 30 ಮೈಕ್ರೋವ್ಯಾಟ್ ಬೀಳಬೇಕು. ದೀಪವನ್ನು ಒಂದು ಗೇಣು ಮೇಲೆತ್ತಿದರೂ ಈ ಅಂಕಿ ಇಳಿಯುತ್ತದೆ. ಮಗುವನ್ನು ಬೆಚ್ಚಗಿಡುವ ವಾರ್ಮರಿನಲ್ಲಿ ಕೆಲಸ ಮಾಡಲು ಅಡ್ಡವಾಯಿತೆಂದು ಪಕ್ಕಕ್ಕೆ ಸರಿಸಿದ ದೀಪ ಮತ್ತೆ ಜಾಗಕ್ಕೆ ಬರದೆ, ಬೆಳಕೆಲ್ಲ ಕಾಲಿನ ಮೇಲೆ ಬೀಳುತ್ತಿರುವುದು ಯಾವ ವಾರ್ಡಿನಲ್ಲೂ ಆಗಬಹುದಾದದ್ದು. 1,400 ಗ್ರಾಂ ಮಗುವಿಗೆ ದೊಡ್ಡ ಡೈಪರ್ ಹಾಕಿದರೆ ಹೊಕ್ಕುಳಿನಿಂದ ತೊಡೆಯವರೆಗೆ ಮುಚ್ಚಿಹೋಗುತ್ತದೆ. ಟೋಪಿ, ಸಾಕ್ಸ್, ಸುತ್ತ ಇಟ್ಟ ಬಟ್ಟೆಯ ಗೂಡು, ಎಲ್ಲವೂ ಚರ್ಮವನ್ನು ಕತ್ತಲಲ್ಲಿ ಇಡುತ್ತವೆ. ಈ ಚಿಕಿತ್ಸೆ ಹುಟ್ಟಿದ್ದೇ ಇಂಥದ್ದೊಂದು ಬಟ್ಟೆಯಿಂದ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಬಿಸಿಲಿಗೆ ಒಯ್ದು ತಂದ ಮಗುವನ್ನು ಡಾಕ್ಟರಿಗೆ ತೋರಿಸಿದಾಗ ಮೈಯೆಲ್ಲ ತಿಳಿಯಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ಕಡೆ ಮಾತ್ರ ತ್ರಿಕೋನದ ಹಳದಿ ಗುರುತು ಉಳಿದಿತ್ತು. ಕಣ್ಣಿನ ಪಟ್ಟಿ ಮಾತ್ರ ಬೇಕೇ ಬೇಕು. ಅದು ಜಾರಿ ಮೂಗಿನ ಮೇಲೆ ಬಂದರೆ ಮಗು ಉಸಿರಿಗೆ ಒದ್ದಾಡುತ್ತದೆ, ಹಾಗೆ ಕಂಡರೆ ತಕ್ಷಣ ಸಿಸ್ಟರಿಗೆ ಹೇಳಿ.

ಲೈಟ್ ಹೆಚ್ಚಾದಷ್ಟೂ ಒಳ್ಳೆಯದು ಎಂದೂ ಅಲ್ಲ. 1,000 ಗ್ರಾಂಗಿಂತ ಕಡಿಮೆ ತೂಕದ 1,974 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2008ರಲ್ಲಿ ಬಂತು. ಬೇಗ, ಜೋರಾಗಿ ಲೈಟ್ ಕೊಟ್ಟ ಗುಂಪಿನಲ್ಲಿ ಬದುಕಿದ ಮಕ್ಕಳ ಬೆಳವಣಿಗೆಯ ತೊಂದರೆ ಕಡಿಮೆಯಾಯಿತು, ಆದರೆ 750 ಗ್ರಾಂ ಒಳಗಿನವರಲ್ಲಿ ಸಾವು 34ರಿಂದ 39 ಶೇಕಡಕ್ಕೆ ಏರಿದಂತೆ ಕಂಡಿತು. ಅಂಕಿಶಾಸ್ತ್ರದ ಪ್ರಕಾರ ಅದು ಖಚಿತವಲ್ಲ, ಆದರೂ ಅಷ್ಟು ಪುಟ್ಟ ಮಕ್ಕಳಿಗೆ ಕಡಿಮೆ ಬಲದಿಂದ ಶುರುಮಾಡುವುದು ಆಮೇಲೆ ರೂಢಿಗೆ ಬಂತು. ನಿಮ್ಮ ಮಗುವಿನ ತೂಕಕ್ಕೆ ಈ ಚಿಂತೆ ಇಲ್ಲ.

ರಕ್ತದ ಸ್ಯಾಂಪಲ್ಲಿನ ವಿಷಯಕ್ಕೆ ಒಂದು ಮಾತು. ಬಿಲಿರುಬಿನ್ ಬೆಳಕಿಗೆ ಕರಗುತ್ತದೆ ಎಂದ ಮೇಲೆ ಟ್ಯೂಬಿನಲ್ಲೂ ಕರಗುತ್ತದೆ. ಸ್ಯಾಂಪಲ್ ತೆಗೆಯುವಾಗ ದೀಪ ಆರಿಸಬೇಕು, ಟ್ಯೂಬಿಗೆ ಕಪ್ಪು ಕಾಗದವನ್ನೋ ಫಾಯಿಲ್ಲನ್ನೋ ಸುತ್ತಿ ಲ್ಯಾಬಿಗೆ ಕಳಿಸಬೇಕು. ಬೆಳಕಿನಲ್ಲಿ ಬಿದ್ದಿದ್ದ ಟ್ಯೂಬ್ ಅಂಕಿಯನ್ನು ಇಳಿಸಿ ತೋರಿಸುತ್ತದೆ. ಹಿಮ್ಮಡಿ ಹಿಂಡಿ ತೆಗೆದು ಒಡೆದ ರಕ್ತವೂ ಲೆಕ್ಕ ತಪ್ಪಿಸುತ್ತದೆ. ರಿಪೋರ್ಟಿನಲ್ಲಿ ‘ಡೈರೆಕ್ಟ್’ (ಲಿವರ್ ಆಗಲೇ ನೀರಿನಲ್ಲಿ ಕರಗುವಂತೆ ಮಾಡಿದ ಪಾಲು) ಎಂದು ಇನ್ನೊಂದು ಅಂಕಿ ಇರುತ್ತದೆ, ರಕ್ತ ಬದಲಿಸುವ ತೀರ್ಮಾನಕ್ಕೆ ಅದನ್ನು ಒಟ್ಟು ಮೊತ್ತದಿಂದ ಕಳೆಯುವುದಿಲ್ಲ. ಹಣೆಗೆ ಒತ್ತಿ ನೋಡುವ ಯಂತ್ರವನ್ನು ಲೈಟಿನಲ್ಲಿರುವ ಮಗುವಿಗೆ ನಂಬುವಂತಿಲ್ಲ: ಬೆಳಕು ಚರ್ಮವನ್ನು ಮೊದಲು ತಿಳಿಗೊಳಿಸುತ್ತದೆ, ರಕ್ತ ಹಿಂದೆ ಉಳಿದಿರುತ್ತದೆ. ಕಣ್ಣಂದಾಜಂತೂ ಬೇಡವೇ ಬೇಡ.

ಮಗುವನ್ನು ನೋಡಿ ಮೆದುಳಿನ ತೊಂದರೆ ಹೇಳಬಹುದೇ? ದಿನ ತುಂಬಿದ ಮಗುವಿನಲ್ಲಿ ಬಿಲಿರುಬಿನ್ ಮೆದುಳಿಗೆ ತಾಗಿದರೆ ಗುರುತುಗಳು ಸರಣಿಯಾಗಿ ಬರುತ್ತವೆ. ಮೊದಲು ಮಂಕು, ಹಾಲು ಎಳೆಯದಿರುವುದು, ಮೈ ಮೆತ್ತಗಾಗುವುದು. ಆಮೇಲೆ ಕೀರಲು ಅಳು, ಕುತ್ತಿಗೆ ಮತ್ತು ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುವುದು, ಜ್ವರ. ಅಳು, ಮೈಬಿಗಿ, ಎಚ್ಚರ ಮೂರಕ್ಕೂ ಅಂಕ ಕೊಟ್ಟು ಒಂಬತ್ತಕ್ಕೆ ಎಷ್ಟೆಂದು ಲೆಕ್ಕ ಹಾಕುವ ಪದ್ಧತಿಯೂ ಇದೆ. 31 ವಾರದ ಮಗುವಿನಲ್ಲಿ ಈ ಸರಣಿ ಬಹುತೇಕ ಕಾಣುವುದೇ ಇಲ್ಲ. ಅದು ಮೊದಲೇ ಮೆತ್ತಗಿರುತ್ತದೆ, ಮೊದಲೇ ಹೆಚ್ಚು ಹೊತ್ತು ಮಲಗಿರುತ್ತದೆ, ಹಾಲು ಟ್ಯೂಬಿನಲ್ಲಿ ಹೋಗುತ್ತಿರುತ್ತದೆ. ಉಸಿರು ನಿಲ್ಲುವುದು ಹೆಚ್ಚಾಗುವುದು, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಪದೇಪದೇ ಬೀಳುವುದು, ಇಷ್ಟೇ ಸುಳಿವು ಇರಬಹುದು. ಎಷ್ಟೋ ಮಕ್ಕಳಲ್ಲಿ ಅದೂ ಇಲ್ಲದೆ ತಿಂಗಳುಗಳ ನಂತರ ತೊಂದರೆ ಹೊರಬೀಳುತ್ತದೆ. ‘ಮಗು ಚೆನ್ನಾಗೇ ಕಾಣ್ತಿದೆಯಲ್ಲ’ ಎಂದು ಅಜ್ಜಿಯಂದಿರು ಹೇಳುವ ಸಮಾಧಾನ ಇಲ್ಲಿ ಆಸರೆಯಾಗುವುದಿಲ್ಲ. ಡಾಕ್ಟರು ಮಗುವಿನ ಮುಖ ನೋಡದೆ ಅಂಕಿ ಹಿಡಿದು ಓಡಾಡುವುದಕ್ಕೂ ಇದೇ ಕಾರಣ.

ರಕ್ತ ಬದಲಿಸುವುದು ಬಂದರೆ ಏನಾಗುತ್ತದೆ ಎಂದು ತಿಳಿದಿರಲಿ. ಮಗುವಿನ ಮೈಯಲ್ಲಿರುವ ರಕ್ತದ ಎರಡರಷ್ಟು, ಅಂದರೆ ಕಿಲೋಗೆ 160ರಿಂದ 180 ಮಿಲಿಲೀಟರ್, ನಿಮ್ಮ ಮಗುವಿಗೆ ಸುಮಾರು 225ರಿಂದ 250 ಮಿಲಿಲೀಟರ್ ಬೇಕು. ಒಂದು ಸಲಕ್ಕೆ ಐದಾರು ಮಿಲಿಲೀಟರ್ ತೆಗೆದು ಅಷ್ಟೇ ಹಾಕುತ್ತ ಒಂದೆರಡು ಗಂಟೆ ನಡೆಯುತ್ತದೆ. ಬಿಲಿರುಬಿನ್ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಅಂಗಾಂಶಗಳಲ್ಲಿ ಇಳಿದಿದ್ದದ್ದು ರಕ್ತಕ್ಕೆ ವಾಪಸ್ ಬಂದು ಸ್ವಲ್ಪ ಏರುತ್ತದೆ. ಅದನ್ನು ನೋಡಿ ಚಿಕಿತ್ಸೆ ವಿಫಲವಾಯಿತೆಂದುಕೊಳ್ಳಬೇಡಿ. ಪ್ಲೇಟ್‌ಲೆಟ್ ಮತ್ತು ಕ್ಯಾಲ್ಸಿಯಂ ಇಳಿಯುವುದು, ಕರುಳಿಗೆ ತೊಂದರೆ, ಸೋಂಕು ಇದರ ಅಪಾಯಗಳು. ಹಾಗಾಗಿಯೇ ಮೊದಲು ಎರಡನೇ ಲೈಟ್ ಸೇರಿಸಿ, ಮೇಲೆ ಕೆಳಗೆ ಎರಡೂ ಕಡೆಯಿಂದ ಬೆಳಕು ಕೊಟ್ಟು, ನಾಲ್ಕರಿಂದ ಆರು ಗಂಟೆಗೊಮ್ಮೆ ಅಳೆದು ನೋಡುತ್ತಾರೆ.

ಇಲ್ಲಿ ನಿಮ್ಮಿಂದ ಇವತ್ತೇ ಆಗಬೇಕಾದ ಕೆಲಸವೊಂದಿದೆ. ತಂಗಿ ಮಂಡ್ಯದಲ್ಲಿದ್ದಾಳೆ. ಮಗುವಿಗೆ ಬದಲಿ ರಕ್ತ ಹೊಂದಿಸುವಾಗ ಬ್ಲಡ್ ಬ್ಯಾಂಕಿಗೆ ತಾಯಿಯ ರಕ್ತದ ಸ್ಯಾಂಪಲ್ ಬೇಕು, ಏಕೆಂದರೆ ಕಣ ಒಡೆಯುವ ಪ್ರತಿಕಾಯಗಳಿದ್ದರೆ ಅವು ಬಂದಿರುವುದು ಅವಳಿಂದ. ಎನ್‌ಐಸಿಯುನಲ್ಲಿ ಎಷ್ಟು ಟ್ಯೂಬು, ಯಾವ ಬಣ್ಣದ ಮುಚ್ಚಳದ್ದು ಎಂದು ಕೇಳಿಕೊಂಡು, ಮಂಡ್ಯದ ಆಸ್ಪತ್ರೆಯಲ್ಲಿ ತೆಗೆಸಿ, ಅವಳ ಹೆಸರು, ಆಸ್ಪತ್ರೆ ನಂಬರ್, ತೆಗೆದ ಸಮಯ ಬರೆಸಿ ತನ್ನಿ. ಮಧ್ಯರಾತ್ರಿ ಬಿಲಿರುಬಿನ್ 13.2 ಬಂದ ಮೇಲೆ ನಲವತ್ತೈದು ಕಿಲೋಮೀಟರ್ ಹೋಗಿ ತರುವುದೆಂದರೆ ಎರಡು ಮೂರು ಗಂಟೆ ಕೈಬಿಟ್ಟ ಹಾಗೆ. ಅದೇ ಓಡಾಟದಲ್ಲಿ ಎದೆಹಾಲನ್ನೂ ತರಬಹುದು. ಹಿಂಡಿದ ಹಾಲನ್ನು ಸ್ವಚ್ಛ ಮುಚ್ಚಳದ ಡಬ್ಬಿಯಲ್ಲಿ, ಐಸ್‌ಪ್ಯಾಕ್ ಇಟ್ಟ ಚೀಲದಲ್ಲಿ ತಂದರೆ ಕೆಡುವುದಿಲ್ಲ. ಹಾಲು ಹೊಟ್ಟೆಗೆ ಹೋದಷ್ಟೂ ಮಲ ಬೇಗ ಹೋಗುತ್ತದೆ, ಅದರ ಜೊತೆ ಬಿಲಿರುಬಿನ್ನೂ ಹೋಗುತ್ತದೆ. ಸಕ್ಕರೆ ನೀರಿನಿಂದ ಇದಾಗುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ತೊಂದರೆ ಆಗಿದೆಯೋ ಇಲ್ಲವೋ. ಬಿಲಿರುಬಿನ್ ಮೆದುಳನ್ನೆಲ್ಲ ಒಂದೇ ಸಮ ಹಾಳುಮಾಡುವುದಿಲ್ಲ. ಚಲನೆಯನ್ನು ಹತೋಟಿಯಲ್ಲಿಡುವ ಆಳದ ಗ್ಲೋಬಸ್ ಪ್ಯಾಲಿಡಸ್, ಸಬ್‌ಥಲಾಮಿಕ್ ಎಂಬ ಗಂಟುಗಳು, ಮೆದುಳಿನ ಕಾಂಡದಲ್ಲಿ ಕಿವಿಯಿಂದ ಬರುವ ಸಂದೇಶ ಹಾಯುವ ಕೇಂದ್ರಗಳು, ಕಣ್ಣು ಮೇಲೆತ್ತುವ ಕೇಂದ್ರ ಇವನ್ನು ಹುಡುಕಿಕೊಂಡು ಹೋಗುತ್ತದೆ. ತಲೆಯ ಅಲ್ಟ್ರಾಸೌಂಡಿನಲ್ಲಿ ಇದು ಕಾಣುವುದಿಲ್ಲ. ಅದು ರಕ್ತಸ್ರಾವ ನೋಡುವುದಕ್ಕೆ. ‘ತಲೆ ಸ್ಕ್ಯಾನ್ ನಾರ್ಮಲ್’ ಎಂದು ಬರೆದಿದ್ದರೆ ಕಾಮಾಲೆಯ ಮಟ್ಟಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಬಾಯಿಬಿಡುವುದು ಕಿವಿಯ ದಾರಿ. ಹೀಗಾಗಿ ಶ್ರವಣ ಪರೀಕ್ಷೆಯನ್ನು ಆರಿಸಿಕೊಳ್ಳುವಾಗ ತಪ್ಪಬಾರದು. ನವಜಾತರಿಗೆ ಸಾಮಾನ್ಯವಾಗಿ ಮಾಡುವ ಓಎಇ ಎಂಬ ಪರೀಕ್ಷೆ ಒಳಕಿವಿಯ ಕೂದಲುಕೋಶಗಳನ್ನು ಮಾತ್ರ ನೋಡುತ್ತದೆ. ಬಿಲಿರುಬಿನ್ ಕೆಡಿಸುವುದು ಅಲ್ಲಿಂದ ಮುಂದಿನ ನರವನ್ನು. ಅಂಥ ಮಗು ಓಎಇನಲ್ಲಿ ಸಲೀಸಾಗಿ ಪಾಸಾಗುತ್ತದೆ, ಕಾರ್ಡಿನಲ್ಲಿ ಪಾಸ್ ಎಂದು ಮುದ್ರೆ ಬೀಳುತ್ತದೆ, ಎರಡು ವರ್ಷವಾದರೂ ಮಾತು ಬರುವುದಿಲ್ಲ. ಬೇಕಾದದ್ದು ಎಬಿಆರ್, ಕೆಲವರು ಬೆರಾ ಎನ್ನುತ್ತಾರೆ. ತಲೆಗೆ ಮೂರು ನಾಲ್ಕು ಅಂಟುವ ತಂತಿ ಹಾಕಿ, ಮಗು ನಿದ್ದೆಯಲ್ಲಿದ್ದಾಗ ಕಿವಿಗೆ ಶಬ್ದ ಬಿಟ್ಟು, ಸಂದೇಶ ಮೆದುಳಿನ ಕಾಂಡದವರೆಗೆ ಹೋಗುವ ಅಲೆಗಳನ್ನು ಬರೆದುಕೊಳ್ಳುತ್ತಾರೆ. ಅಲೆ ತಡವಾಗಿ ಬಂದರೆ, ಇಲ್ಲವೇ ಬಾರದಿದ್ದರೆ ಗೊತ್ತಾಗುತ್ತದೆ. ಬಿಲಿರುಬಿನ್ ಇಳಿದ ಮೇಲೆ ಈ ಅಲೆಗಳು ಸರಿಹೋಗುವುದೂ ಉಂಟು, ಆದ್ದರಿಂದ ಒಂದು ಸಲ ಕೆಟ್ಟು ಬಂದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ. ನೀವು ಮೈಸೂರಿನಲ್ಲಿರುವುದು ಅನುಕೂಲವೇ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರ ಬಾಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್, ಇದೇ ಕೆಲಸಕ್ಕಿರುವ ಸಂಸ್ಥೆ. ಡಿಸ್ಚಾರ್ಜ್ ಆದಮೇಲೆ ಮಗುವಿನ ಅತಿ ಹೆಚ್ಚಿನ ಬಿಲಿರುಬಿನ್ ಅಂಕಿ, ಎಷ್ಟನೇ ದಿನದ್ದು, ಎಷ್ಟು ದಿನ ಲೈಟ್, ರಕ್ತ ಬದಲಿಸಿದರೋ ಇಲ್ಲವೋ, ಯಾವ ಆಂಟಿಬಯೋಟಿಕ್ ಕೊಟ್ಟರು ಎಂಬುದನ್ನು ಬರೆಸಿಕೊಂಡು ಹೋಗಿ. ಜೆಂಟಾಮೈಸಿನ್, ಅಮಿಕಾಸಿನ್ ಥರದವು ಕಿವಿಗೆ ಬೇರೆ ಬಗೆಯಲ್ಲಿ ಹಾನಿ ಮಾಡುವುದರಿಂದ ಅದೂ ಗೊತ್ತಿರಬೇಕು. ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ಶ್ರವಣ ತಜ್ಞರ ಗುರಿ.

ಎಂಆರ್‌ಐ ಮನೆಗೆ ಹೋಗುವ ಮೊದಲು ನಾರ್ಮಲ್ ಬಂದರೂ ದಿನ ತುಂಬದ ಮಕ್ಕಳಲ್ಲಿ ಅದು ಪೂರ್ತಿ ಭರವಸೆಯಲ್ಲ. ಅನುಮಾನ ಉಳಿದಿದ್ದರೆ ಸರಿಪಡಿಸಿದ ವಯಸ್ಸಿನ ಆರು ತಿಂಗಳ ನಂತರ, ಒಂದೂವರೆ ವರ್ಷದೊಳಗೆ ತೆಗೆದ ಎಂಆರ್‌ಐನಲ್ಲಿ ಪ್ಯಾಲಿಡಸ್ಸಿನ ಗುರುತು ಚೆನ್ನಾಗಿ ಕಾಣುತ್ತದೆ. ಸರಿಪಡಿಸಿದ ವಯಸ್ಸು ಎಂದರೆ ಹುಟ್ಟಿದ ದಿನದಿಂದಲ್ಲ, ತಾಯಿ ಕಾರ್ಡಿನಲ್ಲಿ ಬರೆದ ಹೆರಿಗೆಯ ಅಂದಾಜು ದಿನದಿಂದ ಎಣಿಸಿದ್ದು. ನಿಮ್ಮ ಮಗುವಿಗೆ ಎರಡೂ ಎಣಿಕೆಗೆ ಒಂಬತ್ತು ವಾರದ ವ್ಯತ್ಯಾಸವಿದೆ. ಕತ್ತು ನಿಲ್ಲುವುದು, ಕೂರುವುದು ಎಲ್ಲವನ್ನೂ ಈ ಲೆಕ್ಕದಲ್ಲೇ ನೋಡಿ, ಇಲ್ಲದಿದ್ದರೆ ಸುಮ್ಮನೆ ಗಾಬರಿಯಾಗುತ್ತದೆ. ನಿಜವಾಗಿ ಗಮನಿಸಬೇಕಾದದ್ದು: ಎತ್ತಿಕೊಂಡಾಗ ಹಿಂದಕ್ಕೆ ಸೆಟೆಯುವುದು, ಏನಾದರೂ ಹಿಡಿಯಲು ಹೋದಾಗ ಕೈ ತಿರುಚಿಕೊಳ್ಳುವುದು, ನಿದ್ದೆಯಲ್ಲಿ ಮಾತ್ರ ಮೈ ಸಡಿಲವಾಗುವುದು, ಮೇಲಿನ ವಸ್ತು ನೋಡಲು ಕಣ್ಣೆತ್ತದೆ ತಲೆಯನ್ನೇ ಎತ್ತುವುದು.

ಇನ್ನೂ ಒಂದು ವಿಷಯ. 11.8 ಇಳಿದು ಲೈಟ್ ತೆಗೆದ ಮೇಲೆ 12ರಿಂದ 24 ಗಂಟೆಯೊಳಗೆ ಮತ್ತೆ ಒಂದು ರಕ್ತಪರೀಕ್ಷೆ ಆಗಬೇಕು, ತಿರುಗಿ ಏರುವುದು ಸಾಮಾನ್ಯ. ಅಷ್ಟಕ್ಕೇ ಮುಗಿಯಿತೆಂದೂ ಅಲ್ಲ. ದಿನ ತುಂಬದ ಮಕ್ಕಳ ಮೆದುಳಿನ ಕಾಮಾಲೆಯ ಬಗ್ಗೆ ಜಪಾನಿನಿಂದ ಬಂದ ವರದಿಗಳಲ್ಲಿ ಎಷ್ಟೋ ಮಕ್ಕಳ ಬಿಲಿರುಬಿನ್ ತುದಿ ಮುಟ್ಟಿದ್ದು ಎರಡು ವಾರ ದಾಟಿದ ಮೇಲೆ, ಎಲ್ಲರ ಗಮನ ತೂಕ ಹೆಚ್ಚಿಸುವ ಕಡೆ ತಿರುಗಿದ್ದಾಗ. ಎರಡನೇ, ಮೂರನೇ ವಾರದಲ್ಲೂ ಒಂದು ಸಲ ನೋಡುತ್ತೀರಾ ಎಂದು ಕೇಳಿ. ಆಗ ಡೈರೆಕ್ಟ್ ಅಂಕಿಯನ್ನೂ ಕೇಳಿ. ಅದು ಏರುತ್ತಿದ್ದರೆ, ಮಲ ಬಿಳಿಚಿಕೊಂಡಿದ್ದರೆ ಅದು ಲಿವರಿನ ಬೇರೆ ಕಾಯಿಲೆ, ಅದರ ದಾರಿಯೇ ಬೇರೆ.

ಮನೆಗೆ ಬಂದ ಮೇಲೆ ಬಾಣಂತಿ ಕೋಣೆಗೆ ಹಗಲು ಬೆಳಕು ಇರಲಿ. ಪರದೆ ಎಳೆದ ಕೋಣೆಯ ಹಳದಿ ಬಲ್ಬಿನಡಿ ಕಾಮಾಲೆ ಯಾರಿಗೂ ಕಾಣುವುದಿಲ್ಲ, ಮನೆಗೆ ಬರುವ ಆಶಾ ಕಾರ್ಯಕರ್ತೆಗೂ. ಎಳೆಬಿಸಿಲಿಗೆ ಮಗುವನ್ನು ಬಟ್ಟೆ ಬಿಚ್ಚಿ ಹಿಡಿಯುವುದು ಬೇಡ: ಇಷ್ಟು ಪುಟ್ಟ ಮೈ ನಿಮಿಷಗಳಲ್ಲಿ ತಣ್ಣಗಾಗುತ್ತದೆ, ತಣ್ಣಗಾದ ಮೈ ಕೊಬ್ಬು ಕರಗಿಸಿ ಶಾಖ ಮಾಡುತ್ತದೆ, ಆ ಕೊಬ್ಬಿನಾಮ್ಲಗಳು ಮತ್ತೆ ಅಲ್ಬುಮಿನ್ ಮೇಲಿನ ಬಿಲಿರುಬಿನ್‌ನ ಜಾಗಕ್ಕೇ ಬಂದು ಕೂರುತ್ತವೆ. ಹಳೆಯ ಬಟ್ಟೆಯನ್ನೇ ಮೊದಲು ತೊಡಿಸುವ ಪದ್ಧತಿ ನಿಮ್ಮಲ್ಲಿದ್ದರೆ ತೊಡಿಸಿ, ಆದರೆ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಬಟ್ಟೆ, ಶಾಲು, ಕಂಬಳಿ ಬೇಡ. ಆ ಗುಳಿಗೆಯ ನ್ಯಾಫ್ತಲಿನ್ ಜಿ6ಪಿಡಿ ಕೊರತೆಯಿರುವ ಮಗುವಿನ ರಕ್ತವನ್ನು ಒಂದೆರಡು ದಿನದಲ್ಲಿ ಒಡೆದುಹಾಕಬಲ್ಲದು. ಒಗೆದರೂ ವಾಸನೆ ಉಳಿದಿದ್ದರೆ ಮಗುವಿನ ಹತ್ತಿರ ತರಬೇಡಿ.